ಚಿಕ್ಕಜಾಜೂರಿನಲ್ಲಿ ಗೇಟು ಬಿದ್ದಾಗ

ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷ
ಆಂಬುಲೆನ್ಸ್ ಓಡಿಸಿದವನು ನನ್ನ ಗಂಡ, ಪಾಲಾಕ್ಷ.
ನಿಂತೇ ಉಣ್ಣುವನು, ಚಪ್ಪಲಿ ಬಿಡದೆ ಮಲಗುವನು.
ಮಗಳು ಇಂಚರ ಮೊದಲು ಕಲಿತದ್ದು
ಅಪ್ಪ ಅಲ್ಲ, ಅಮ್ಮ ಅಲ್ಲ,
ಊಂಯ್ ಊಂಯ್.

ಒಂದು ದಿನ ಯಾರೋ ಸಿಗ್ನಲ್ಲಿನಲ್ಲೇ ಸತ್ತರು.
ಅದು ಹೊಸದಲ್ಲ. ಆದರೆ ಅವತ್ತು ಮನೆಗೆ ಬಂದು
ಮೂರು ತಿಂಗಳ ಮಗನ ಪಾದ ಹಿಡಿದು ಕೂತವನು
ಹಾಲು ಉಕ್ಕಿ ಒಲೆ ಆರಿದರೂ ಏಳಲಿಲ್ಲ.
"ನಿಧಾನ ಇರೋ ಊರಿಗೆ ಹೋಗೋಣ" ಅಂದ,
ಅಂಗಡಿಯಲ್ಲಿ ಅರ್ಧ ಕೇಜಿ ನಿಧಾನ ಕೇಳುವವನ ಹಾಗೆ.

ಸಿಕ್ಕಿದ್ದು ಈ ಜಂಕ್ಷನ್ನು.
ಎಲ್ಲರೂ ಇಲ್ಲಿ ಇಳಿಯುವುದು ಬೇರೆ ರೈಲು ಹತ್ತಲಿಕ್ಕೆ.
ನಾವು ಇಳಿದೆವು, ಹತ್ತಲಿಲ್ಲ.
ಎರಡು ಟ್ರಂಕು, ಹೊಲಿಗೆ ಯಂತ್ರ, ಬಿಚ್ಚಿ ಕಟ್ಟಿದ ತೊಟ್ಟಿಲು,
ಮಿಕ್ಸಿಯ ಡಬ್ಬದಲ್ಲಿ ಒಂದು ದಾಸವಾಳದ ಕಡ್ಡಿ.
ನೀರು ಯಾವಾಗ ಬರುತ್ತೆ ಅಂತ ಮನೆಯೊಡತಿ ಮಾರಕ್ಕನ ಕೇಳಿದೆ.
"ಬರ್ತತೆ ಬಿಡವ್ವ" ಅಂದಳು.
ಊರಿಗೆಲ್ಲ ಅದೇ ಗಡಿಯಾರ.

ಈಗ ಅವನು ಸ್ಕೂಲ್ ವ್ಯಾನಿನ ಡ್ರೈವರು.
ಹಳದಿ ಬಣ್ಣ, ಮೂವತ್ತರ ವೇಗ, ಹದಿನೇಳು ಮಕ್ಕಳು.
ಒಂದೊಂದು ಮನೆಯ ಮುಂದೆಯೂ
ಒಂದೊಂದು ತಾಯಿ ಜಡೆ ಮುಗಿಸುವ ತನಕ ಕಾಯಬೇಕು.
ಮೊದಲ ತಿಂಗಳು ಬೆರಳು ಕುಟ್ಟಿ ಕುಟ್ಟಿ
ಸ್ಟೇರಿಂಗಿನ ರೆಕ್ಸಿನ್ ಕಿತ್ತು ಬಂತು.
ರಾತ್ರಿ ಎಕ್ಸ್‌ಪ್ರೆಸ್ಸು ಕೂಗಿದರೆ ನಿದ್ದೆಯಲ್ಲೇ ಎದ್ದು
ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುವನು. ನಾನು ಬಿಚ್ಚುವೆನು.

ನನಗೂ ಸುಲಭವಿರಲಿಲ್ಲ, ಹೇಳಿಬಿಡುತ್ತೇನೆ.
ಬ್ಲೌಸು ಹೊಲಿಸಿಕೊಂಡವರು ದುಡ್ಡನ್ನೂ ನಿಧಾನಕ್ಕೇ ಕೊಡುತ್ತಾರೆ.
ಮಧ್ಯಾಹ್ನ ಎರಡಕ್ಕೆ ಬೀದಿಗೆ ಬೀದಿಯೇ ಮಲಗಿದಾಗ
ಗೋಡೆಗೊರಗಿ ಅತ್ತಿದ್ದೇನೆ, ಹುಬ್ಬಳ್ಳಿಯ ಗದ್ದಲ ನೆನೆದು,
ಗಿರ್ಮಿಟ್ಟಿನವನ ಬಾಂಡಲಿಯ ಸದ್ದು ನೆನೆದು.
ಗಂಡನಿಗೆ ಗೊತ್ತಿಲ್ಲ.

ಎರಡನೇ ಕಾರ್ತಿಕದ ಒಂದು ರಾತ್ರಿ ಮಗನಿಗೆ ಜ್ವರ ಏರಿ
ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು.
ಫೋನಿನಲ್ಲಿ ಹೆಂಗಸೊಬ್ಬಳು ಸಮಾಧಾನವಾಗಿ ಹೇಳಿದಳು,
ಗಾಡಿ ಬರಲು ನಲವತ್ತು ನಿಮಿಷ.
ಆ ನಲವತ್ತು ಅವನಿಗೆ ಗೊತ್ತು, ಒಳಗಿನಿಂದ.
ಹಳದಿ ವ್ಯಾನು ತೆಗೆದ. ಹೊಳಲ್ಕೆರೆ ದಾರಿ.
ಮೂವತ್ತರ ಮುಳ್ಳು ಎಂಬತ್ತಕ್ಕೆ ಹೋಗಿ ನಡುಗಿತು,
ಯಾರದೋ ಮಗುವಿನ ನೀರಿನ ಬಾಟಲಿ
ಸೀಟಿನಡಿಯಿಂದ ಸೀಟಿನಡಿಗೆ ಉರುಳಿತು,
ಕಿಟಕಿಗೆ ಬಾಯಿಟ್ಟು ಇಂಚರ
ಗಂಟಲು ಹರಿಯುವಂತೆ ಕೂಗಿದಳು, ಊಂಯ್ ಊಂಯ್.

ಗೇಟು ಬಿದ್ದಿತ್ತು.

ಗೂಡ್ಸು. ಬಳ್ಳಾರಿ ಕಡೆಯದು, ಅದಿರು ತುಂಬಿದ್ದು.
ಗೇಟಿನವನು ಟಾರ್ಚು ಹಿಡಿದು ಓಡಿ ಬಂದ, ನೋಡಿದ,
ಎರಡೂ ಕೈ ಎತ್ತಿದ. ಅವನೇನು ಮಾಡಿಯಾನು.
ಪಾಲಾಕ್ಷ ಎಂಜಿನ್ ಆರಿಸಿದ.
ಒಳಗೆ ರೋಗಿ ಇರುವಾಗ ಒಮ್ಮೆಯೂ ಆರಿಸಿದವನಲ್ಲ.
ಹಿಂದೆ ಬಂದು ಮಗನನ್ನು ಮಗ್ಗುಲಿಗೆ ಹೊರಳಿಸಿ
ನೊರೆ ಒರೆಸಿ ಬೆನ್ನ ಮೇಲೆ ಅಂಗೈ ಇಟ್ಟ.
ನಾನು ದೇವರ ಹೆಸರು ಹುಡುಕಿದೆ, ಒಂದೂ ಸಿಗಲಿಲ್ಲ.
ಕೂಗು ನಿಲ್ಲಿಸಿದ ಇಂಚರ ಡಬ್ಬಿ ಎಣಿಸತೊಡಗಿದಳು.
ಇಪ್ಪತ್ತೊಂದು. ಇಪ್ಪತ್ತೆರಡು.
ಅವನೂ ಎಣಿಸಿದ, ತುಟಿಯಲ್ಲೇ.
ನಲವತ್ತಾರಕ್ಕೆ ಮಗನ ಮುಷ್ಟಿ ಸಡಿಲಿತು.
ಐವತ್ತೆಂಟಕ್ಕೆ ಅತ್ತ,
ಬೀಗದ ಒಳಗೆ ಕೈ ಸಿಕ್ಕ ಹಾಗೆ, ಜೋರಾಗಿ.

ಆಸ್ಪತ್ರೆಯಲ್ಲಿ ಸೂಜಿ, ಔಷಧಿ, ಜ್ವರಕ್ಕೆ ಹೀಗಾಗುವುದುಂಟು ಎಂಬ ಮಾತು.
ಬೆಳಗಿನ ಜಾವ ವಾಪಸ್ಸು ಬರುವಾಗ
ಮತ್ತೆ ಹುಬ್ಬಳ್ಳಿಗೆ ಹೋಗೋಣವಾ ಅಂತ ನಾನು ಕೇಳಲಿಲ್ಲ,
ಅವನೂ ಕೇಳಲಿಲ್ಲ.
ಆ ಪ್ರಶ್ನೆ ನಮ್ಮಿಬ್ಬರ ನಡುವಿನ ಸೀಟಿನಲ್ಲಿ
ಮೊಣಕಾಲು ಮಡಚಿಕೊಂಡು ಕೂತು ಮನೆಯ ತನಕ ಬಂತು.

ಏಳೂವರೆಗೆ ವ್ಯಾನು ತೊಳೆದು,
ಬಾಟಲಿಯ ಮೇಲಿನ ಹೆಸರು ಓದಿ ಎತ್ತಿಟ್ಟು ಹೊರಟ.
ಮೊದಲ ಮನೆಯಲ್ಲೇ ಒಳಗಿನಿಂದ ದನಿ ಬಂತಂತೆ,
"ಎರಡೇ ನಿಮಿಷ ಅಣ್ಣಾ, ರಿಬ್ಬನ್ ಸಿಕ್ತಿಲ್ಲ."
ಸಂಜೆ ಕೇಳಿದೆ, ಬೆರಳು ಕುಟ್ಟಿದಿರಾ?
ಇಲ್ಲ, ಅಂದ.
"ಎಣಿಸ್ತಿದ್ದೆ."