ನಾಲ್ಕು ಕೈಯ ಕೆಲಸ

ಒಡೀಲಾ ಕೋಳಿಗೂಡು ಮಾರಿದಳು,
ಒಳಗಿದ್ದ ಪೂಮಾ ನನ್ನ ಶೆಡ್ಡಿಗೆ ಬಂತು.
ಫೈಬರ್ ಮೈಯೆಲ್ಲ ಹಿಕ್ಕೆ, ಸೀಟಿನೊಳಗೆ ಇಲಿಯ ಬಾಣಂತನ.
ಹಿಂದಿನ ಮುಚ್ಚಳ ಎತ್ತಿದೆ:
ಮೂವತ್ತೊಂದು ವರ್ಷದ ಮೇಲೂ ಹಾಗೇ ಇತ್ತು
ತರುಮಾ ಟ್ರ್ಯಾಕಿನ ಏಳನೇ ಸುತ್ತಿನಲ್ಲಿ
ಹಲ್ಲು ಕಚ್ಚಿ ನಿಂತ ಎಂಜಿನ್.

ಇದು ನೀರು ಕೇಳುವ ಜಾತಿಯಲ್ಲ.
ರೇಡಿಯೇಟರಿಲ್ಲ, ಗಾಳಿ ಕುಡಿದೇ ಬದುಕು.
ಫ್ಯಾನು ಬಡಿಸಿದ್ದನ್ನು ನಾಲ್ಕು ಸಿಲಿಂಡರು ಹಂಚಿಕೊಳ್ಳಬೇಕು.
ಮೂರನೆಯದರ ಮುಂದೆ ಆಯಿಲ್ ಕೂಲರು ಅಡ್ಡ ನಿಂತಿದೆ,
ಅದರ ಪಾಲಿಗೆ ಬರುವುದು
ಆಗಲೇ ಬಿಸಿಯಾದ ಎಂಜಲು ಗಾಳಿ.
(ನಾನೂ ನಮ್ಮ ಮನೆಯಲ್ಲಿ ಮೂರನೆಯವಳು.)

ಪೆಲೋಟಸ್‌ನಲ್ಲಿ ಜುಲೈ.
ತೆಂಕಣದಿಂದ ಮಿನುವಾನೊ ಬೀಸಿ ಬಾಗಿಲ ಸಂದಿಯಲ್ಲಿ ಸಿಳ್ಳೆ.
ಸೋರೆಬುರುಡೆಯ ಶಿಮರಾಂವ್ ಹೀರುತ್ತ
ಒಂದೊಂದೇ ನಟ್ಟು ಬಿಚ್ಚಿ ಮೊಟ್ಟೆಯ ತಟ್ಟೆಗಳಲ್ಲಿ ಇಟ್ಟೆ.
ಸಿಲಿಂಡರಿನ ರೆಕ್ಕೆಗಳ ನಡುವೆ
ನಿಜವಾದ ಪುಕ್ಕಗಳು ಸಿಕ್ಕಿಕೊಂಡಿದ್ದವು.

ಕೇಸು ಎರಡು ಹೋಳಾಯಿತು.
ಬೇರಿಂಗಿನ ಬೆನ್ನ ಮೇಲೆ ಒಂದು ಕುಳಿ,
ಉದ್ದಿನಕಾಳಿನಷ್ಟು.
ತೂತು ಪಕ್ಕಕ್ಕೆ ಜರುಗಿ
ಗೂಟ ಬರೀ ಲೋಹವನ್ನು ಒತ್ತಿದ ಗುರುತು.
ಇದನ್ನು ಕೂರಿಸಿದ್ದು ನಾನು.
ನನ್ನ ಕೈ.

ಅವತ್ತು ರಾತ್ರಿ ಓಸ್ಮಾರ್ ಕ್ರ್ಯಾಂಕು ತಿರುಗಿಸಿ ನೋಡಿ
"ಬಿಗಿ ಇದೆ, ಜುರೆಮಾ" ಅಂದಿದ್ದ.
"ಹೊಸದಲ್ವಾ, ಓಡ್ತಾ ಓಡ್ತಾ ಸಡಿಲಾಗತ್ತೆ."
ಕಚ್ಚಿ ನಿಂತ ಮೇಲೆ ಊರಿಗೆಲ್ಲ ಸಾರಿದವಳೂ ನಾನೇ:
ಎಣ್ಣೆಯಲ್ಲಿ ಜಿಪುಣತನ ಮಾಡಿದ ಓಸ್ಮಾರ್.
ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ,
ತನ್ನ ಸ್ಪ್ಯಾನರುಗಳನ್ನು ಚಿಂದಿಯಲ್ಲಿ ಸುತ್ತಿಕೊಂಡು
ಬಂದರಿನ ಐಸ್ ಕಾರ್ಖಾನೆಯ ಕಂಪ್ರೆಸರ್ ಕಾಯಲು ಹೋದ.

ಆಗಸ್ಟಿಗೆ ಎಲ್ಲ ಸಿದ್ಧ.
ಕ್ರ್ಯಾಂಕು ಉಜ್ಜಿಸಿ ಬಂತು, ಹೊಸ ಪಿಸ್ಟನ್ನು, ಹೊಸ ಉಂಗುರ.
ಮಿಕ್ಕಿದ್ದು ಕೇಸು ಮುಚ್ಚುವುದು.
ಚಪ್ಪಾಳೆಗೆ ಎರಡು ಕೈ ಸಾಕು,
ಇದಕ್ಕೆ ನಾಲ್ಕು ಬೇಕು:
ಮೇಲಿನ ಹೋಳು ಇಳಿಯುವಾಗ
ಒಂದನೆಯ, ಎರಡನೆಯ ರಾಡುಗಳನ್ನು
ಯಾರಾದರೂ ನೆಟ್ಟಗೆ ಹಿಡಿದಿರಬೇಕು.
ತಂತಿ ಕಟ್ಟಿ ನೋಡಿದೆ. ರಬ್ಬರ್ ಹಾಕಿ ನೋಡಿದೆ.
ಅಂಟು ಒಣಗಿತು. ಒರೆಸಿದೆ. ಮತ್ತೆ ಹಚ್ಚಿದೆ. ಒಣಗಿತು.
ಮೂರನೇ ದಿನ ಐಸ್ ಕಾರ್ಖಾನೆಗೆ ಫೋನು ಮಾಡಿದೆ.

ರಬ್ಬರ್ ಬೂಟಿನಲ್ಲೇ ಬಂದ, ಮೀನು ವಾಸನೆ.
ಮಾತಿಗೆ ಮೊದಲೇ ಬೇರಿಂಗು ಅವನ ಅಂಗೈಗಿಟ್ಟೆ.
ಕಿಟಕಿಯ ಬೆಳಕಿಗೆ ಹೋದ. ಕನ್ನಡಕ ತಂದಿರಲಿಲ್ಲ,
ಹೆಬ್ಬೆಟ್ಟಿನಿಂದ ಕುಳಿಯನ್ನು ಓದಿದ.
"ಹೂಂ."
ಹೊಟ್ಟೆಗೆ ಹಾಕಿಕೋ ಅನ್ನಬೇಕೆಂದಿದ್ದೆ.
ಅವನು ಜೇಬಿಗೆ ಹಾಕಿಕೊಂಡ.

ಆಮೇಲೆ ತೋಳು ಮಡಿಸಿ ಎರಡು ರಾಡನ್ನು ಹಿಡಿದ,
ಎಳೆಕೂಸನ್ನು ಮೀಯಿಸುವವರು ಕಾಲೆರಡನ್ನು ಹಿಡಿಯುವ ಹಾಗೆ.
ನಾನು ಹೋಳನ್ನು ಇಳಿಸಿದೆ.
ಆರು ದಪ್ಪ ನಟ್ಟುಗಳನ್ನು ನಡುವಿನಿಂದ ಬಿಗಿಯುತ್ತ ಬಂದೆವು,
ಒಂದನ್ನು ಬಿಗಿದಾಗಲೆಲ್ಲ ಅವನು ಕ್ರ್ಯಾಂಕು ತಿರುಗಿಸಿ ನೋಡುತ್ತಿದ್ದ.
ಕೊನೆಗೆ ಎರಡೇ ಬೆರಳಿನಿಂದ
ಮೂರು ಪೂರ್ತಿ ಸುತ್ತು.
ಶಿಮರಾಂವ್ ಆರಿಹೋಗುವಷ್ಟು ಹೊತ್ತು ಸುಮ್ಮನಿದ್ದು
"ಬಿಗಿ ಇಲ್ಲ" ಅಂದ.

ಒಂಬತ್ತನೇ ದಿನ ಕೂಗಿತು.
ಶೆಡ್ಡಿನ ತಗಡು ನಡುಗಿತು, ಪಕ್ಕದ ಮನೆಯ ನಾಯಿ ಬೇಲಿ ಹಾರಿತು.
ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿದ್ದೇ ತಡ
ವಾಲ್ವಿನ ಸಂದು ಅಳೆಯಲು ಪಟ್ಟಿ ಹಿಡಿದು ಬಗ್ಗಿದೆ.
ಮಣಿಕಟ್ಟು ಹಿಡಿದು ತಡೆದ.
"ಬಿಸಿಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ನಿನಗೆ ಗೊತ್ತು.
ನಾಳೆ ಬರ್ತೀನಿ."

ಸೈಕಲ್ ಹತ್ತಿ ಗಾಳಿಗೆದುರಾಗಿ ಹೋದ.
ಜೇಬಿನಲ್ಲಿ ಬೀಗದಕೈಗೆ ತಾಗಿ
ಬೇರಿಂಗು ಕಿಣಿಗುಡುವುದು ತಿರುವಿನವರೆಗೂ ಕೇಳಿಸಿತು.
ಆಮೇಲೆ ಶೆಡ್ಡಿನಲ್ಲಿ ನಾನು, ಎಂಜಿನ್ನು,
ಮತ್ತೆ ಟಿಕ್, ಟಿಕ್ ಅನ್ನುತ್ತ
ತಣ್ಣಗಾಗುತ್ತಿರುವ ರೆಕ್ಕೆಗಳು.