ದುದ್ದದ ಲಾರಿ

ಕಡತದಲ್ಲಿದ್ದದ್ದು ಎಂಟೇ ಕಾಲಂ.
ಘಟನೆಗೆ ಎರಡು ಮ್ಯುವಾನು; ಒಂದೊಂದಕ್ಕೂ
ಒಂದು ಸಂವೇಗ, ಎರಡು ಕೋನ, ಒಂದು ಪ್ಲಸ್ಸೋ ಮೈನಸ್ಸೋ.
ಎಂಟು ಲಕ್ಷ ಸಾಲು.
ಹೇಮಗಂಗೋತ್ರಿಯ ಲ್ಯಾಬಿನಲ್ಲಿ, ಫ್ಯಾನು ಒಂದೇ ಕಡೆಗೆ ವಾಲಿ ತಿರುಗುವ
ಶನಿವಾರದ ಮಧ್ಯಾಹ್ನ,
ಉಮ್ಮೆಸಲ್ಮಾ ಮೇಲಿಂದ ಕೆಳಗೆ ಬೆರಳಾಡಿಸಿ ಕೇಳಿದಳು:
"ತೂಕ ಎಲ್ಲಿದೆ ಮೇಡಂ?"

ದ್ರವ್ಯರಾಶಿ ಅನ್ನಬೇಕು, ಅಂದೆ.
"ಆಯ್ತು, ಅದೆಲ್ಲಿದೆ?"

ಇಲ್ಲ.
ನಾವು ಹುಡುಕುವ ಕಣ ಹುಟ್ಟಿದಲ್ಲೇ ಸತ್ತಿದೆ,
ಯಂತ್ರದ ಮೊದಲ ಪದರ ಮುಟ್ಟುವ ಮುಂಚೆ.
ಸಿಕ್ಕಿದ್ದು ಅದರಿಂದ ಸಿಡಿದೋಡಿದ ಎರಡು ಹೆಜ್ಜೆ ಸಾಲು.
ಎಷ್ಟು ಬಾಗಿದವು, ಯಾವ ದಿಕ್ಕಿಗೆ, ಅಷ್ಟೇ ಅಳತೆ.
ಮಿಕ್ಕಿದ್ದು ನಾವು ಲೆಕ್ಕ ಹಾಕಿ ಪಕ್ಕದಲ್ಲಿ ಬರೆಯುವುದು,
ಒಂಬತ್ತನೆಯ ಕಾಲಂ.

"ಓ, ನಮ್ಮಪ್ಪನ ಥರ," ಅಂದಳು.

ಖುದ್ದೂಸ್ ಸಾಹೇಬರ ಕಿಟಕಿ ನನಗೆ ಗೊತ್ತು,
ಆಲೂಗಡ್ಡೆ ಮಾರುಕಟ್ಟೆಯ ಗೇಟಿಗೆ ಅಂಟಿದ ವೇಬ್ರಿಡ್ಜ್.
ತುಂಬಿದ ಲಾರಿ ಬರುತ್ತದೆ: ಒಂದು ಅಂಕಿ.
ಖಾಲಿ ಲಾರಿ ಹೋಗುತ್ತದೆ: ಇನ್ನೊಂದು.
ಮೂರನೆಯದನ್ನು ಅವರೇ ಕಳೆದು ಬರೆಯುತ್ತಾರೆ,
ರೈತನಿಗೆ ದುಡ್ಡು ಎಣಿಸುವುದು ಅದರ ಮೇಲೆ.
"ಮೂವತ್ತೊಂದು ವರ್ಷ ಆಯ್ತು," ಅಂದಿದ್ದರು ಒಮ್ಮೆ,
"ಆಲೂಗಡ್ಡೆಯನ್ನ ಒಂದು ದಿನಾನೂ ತೂಗಿಲ್ಲ ನಾನು."

ಸಲ್ಮಾಳ ಲೆಕ್ಕ ಅರ್ಧ ನಿಮಿಷದಲ್ಲಿ ಮುಗಿಯಿತು.
ತೊಂಬತ್ತೊಂದರ ಹತ್ತಿರ ಗುಡ್ಡ, ನೆಟ್ಟಗೆ, ಇರಬೇಕಾದ ಕಡೆಯೇ.
ಚಹಾ ತರಿಸಿದೆ.
ಲೋಟ ಬರುವಷ್ಟರಲ್ಲಿ ಅವಳು ಇನ್ನೊಂದು ಚಿತ್ರ ತೆಗೆದಿದ್ದಳು:
ಎರಡೂ ಪ್ಲಸ್ ಇರುವ ಜೋಡಿಗಳು ಮಾತ್ರ.
ಅಲ್ಲೂ ಗುಡ್ಡ.

ಪ್ಲಸ್ಸೂ ಮೈನಸ್ಸೂ ಇಲ್ಲದ ತಾಯಿ
ಎರಡು ಪ್ಲಸ್ ಮಕ್ಕಳನ್ನು ಹೆರುವುದಿಲ್ಲ.
ಚಹಾ ಆರಿತು.

ಸಂಜೆ ಆರಕ್ಕೆ ಸಿಕ್ಕಿತು.
ಹನ್ನೊಂದು ಸಾವಿರ ಸಾಲುಗಳಲ್ಲಿ ಮ್ಯುವಾನು ಒಂದೇ.
ಜೋಡಿ ಇಲ್ಲ, ಲೆಕ್ಕ ಇಲ್ಲ ಎಂದು ಅವನ್ನು ಮೊದಲೇ ಜರಡಿಯಲ್ಲಿ ಬಿಟ್ಟು,
ಬಂದ ಉತ್ತರಗಳನ್ನು ಮೇಲಿಂದ ಒಂದರ ಕೆಳಗೊಂದು
ಹಳೆಯ ಕಡತಕ್ಕೆ ಅಂಟಿಸಿದ್ದಳು.
ಮೊದಲ ಒಂಟಿ ಸಾಲು ಹದಿನೇಳನೆಯದು.
ಅಲ್ಲಿಂದ ಮುಂದೆ ಪ್ರತಿ ತೂಕವೂ ನಿಜ,
ಪ್ರತಿಯೊಂದೂ ಬೇರೆಯವರ ಮನೆಯಲ್ಲಿ.

ನಾನು ಬೈಯಲು ಬಾಯಿ ತೆರೆದೆ. ಅವಳು ಕಥೆ ತೆಗೆದಳು.

ಸುಗ್ಗಿಯ ಒಂದು ರಾತ್ರಿ ದುದ್ದದ ಲಾರಿಯೊಂದು
ಮಾಲು ಇಳಿಸಿ ಹಿಂದಿನ ಗೇಟಿನಿಂದ ಹೊರಟುಹೋಯಿತಂತೆ,
ಖಾಲಿ ತೂಕ ಕೊಡದೆ.
ಪಾಳಿಯ ಹುಡುಗ ಆ ಜಾಗ ಬಿಡಲಿಲ್ಲ,
ಮುಂದಿನ ಲಾರಿಯದನ್ನು ಅಲ್ಲಿಗೇ ಏರಿಸಿದ.
ಬೆಳಗಾಗುವಾಗ ನಲವತ್ಮೂರು ಲಾರಿ, ನಲವತ್ಮೂರು ತಪ್ಪು ಚೀಟಿ;
ಶಾಂತಿಗ್ರಾಮದವರ ದುಡ್ಡು ಸಾಲಗಾಮೆಯವರ ಜೇಬಿನಲ್ಲಿ.
ಎರಡು ದಿನ ನಿದ್ದೆಗೆಟ್ಟು ಅಪ್ಪ ಎಲ್ಲ ಸರಿಮಾಡಿದರು.
ಹುಡುಗನಿಗೆ ಹೇಳಿದ್ದು ಇಷ್ಟೇ:
"ಬರದೇ ಇದ್ದವನಿಗೂ ಒಂದು ಗೀಟು ಎಳಿ."

ನಾವು ಮೂಲ ಕಡತವನ್ನು ಮುಟ್ಟಲಿಲ್ಲ.
ಅದು ಸಂತೆಗೆ ಬಂದ ತುಂಬಿದ ಲಾರಿ, ಹಾಗೇ ನಿಂತಿರಲಿ.
ಪ್ರತಿಯೊಂದನ್ನು ಮಾಡಿಕೊಂಡು, ಸಾಲಿನೊಳಗೇ ನಿಂತು
ಆ ಸಾಲಿನದನ್ನೇ ಲೆಕ್ಕ ಹಾಕಿದೆವು.
ಜೋಡಿಯಿಲ್ಲದ ಕಡೆ ಅವಳು ಬರೆದಳು:
ಮೈನಸ್ ಒಂಬೈನೂರ ತೊಂಬತ್ತೊಂಬತ್ತು.
ಜಗತ್ತಿನಲ್ಲಿ ಯಾವುದೂ ತೂಗದ ತೂಕ.

ಪ್ಲಸ್ ಪ್ಲಸ್ ಚಿತ್ರ ಈಗ ಬರೀ ಬಯಲು.
ಬೇರೆ ಬೇರೆ ಚಿಹ್ನೆಯವು ಸೇರಿದಲ್ಲಿ ಗುಡ್ಡ.
ಆದರೆ ಎಲ್ಲವನ್ನೂ ಒಟ್ಟಿಗೆ ಬಿಡಿಸಿದಾಗ
ಗುಡ್ಡ ಬಲ ಅಂಚಿಗೆ ಇರುಕಿ, ಕಡ್ಡಿಯಷ್ಟಾಗಿ,
ದೂರದ ಎಡತುದಿಯಲ್ಲಿ ಒಂಟಿ ಕಂಬವೊಂದು ಎದ್ದಿತು,
ಹನ್ನೊಂದು ಸಾವಿರ ಎತ್ತರ.

ಕತ್ತರಿಸು ಅದನ್ನ, ಸೊನ್ನೆಯಿಂದ ಶುರು ಮಾಡು, ಅಂದೆ.

ಇರಲಿ ಮೇಡಂ ಇವತ್ತೊಂದು ದಿನ, ಅಂದಳು,
ಅದು ದುದ್ದದ ಲಾರಿ.