ಕನ್ನಡಿಯೊಳಗಿನ ಗಂಟು

ಬಿಷ್ಕೆಕ್‌ನ ಕಚೇರಿಯಲ್ಲಿ ಹೀಟರಿಗೆ ನವೆಂಬರಿಗೇ ಸುಸ್ತು.
ಬುರುಲ್ಚಾ ಕೋಟು ಬಿಚ್ಚದೆ ಕೂತಿದ್ದಾಳೆ.
ಎದುರಿಗೆ ಎರಡು ಹಾಳೆ:
ನಾವು ಕಳಿಸಿದ್ದು ಇಷ್ಟು, ಅನ್ನುತ್ತದೆ ಇಲ್ಲಿಯದು,
ನಮಗೆ ಬಂದದ್ದು ಇಷ್ಟು, ಅನ್ನುತ್ತದೆ ನದಿಯಾಚೆ ಕಝಕರದು.
ನದಿಯ ಹೆಸರು ಚೂ.
ನಾಯಿ ಛೂ ಬಿಟ್ಟ ಹಾಗಿದೆ ಹೆಸರು, ನದಿ ಮಾತ್ರ ಸಾಧು,
ಬೇಸಿಗೆಯ ಕೊನೆಗೆ ಕುದುರೆ ಹೊಟ್ಟೆ ನೆನೆಸದೆ ದಾಟುತ್ತದೆ.
ಅಷ್ಟು ಸಣ್ಣ ನೀರನ್ನು ದಾಟುವಷ್ಟರಲ್ಲಿ
ಒಂಬತ್ತು ಸಾವಿರ ಉಡುಪು ಹೆಚ್ಚಾಗಿವೆ,
ಹೆಂಗಸರವು, ತುಂಬುತೋಳಿನವು,
ಯಾರೂ ಕಳಿಸದೆ ತಲುಪಿದವು.

ಇದಕ್ಕೆ ಕನ್ನಡಿ ಲೆಕ್ಕ ಅನ್ನುತ್ತಾರೆ ಕಸುಬಿನವರು.
ನಿನ್ನ ರಫ್ತು ಅವನ ಆಮದು,
ನೀನು ಎಡಗೈ ಎತ್ತಿದರೆ ಅವನು ಬಲಗೈ.
ಕನ್ನಡಿಯೊಳಗೆ ಒಂದು ಗಂಟು ಕಾಣುತ್ತಿದೆ,
ಇತ್ತ ನಿಂತವಳ ಕೈ ಖಾಲಿ.

ಒಕ್ಕೂಟವಾದ ವರ್ಷ ಸುಂಕದ ಗೇಟು ಎತ್ತಿದರು,
ಬ್ಯಾಂಡಿನವರು ಬಂದಿದ್ದರು, ಒಬ್ಬ ಮಂತ್ರಿ ಅತ್ತಿದ್ದ.
ಗೇಟಿನ ಜೊತೆ
ಎಣಿಸುವವನೂ ಎದ್ದುಹೋದ ಅನ್ನುವುದು ಆಮೇಲೆ ಗೊತ್ತಾಯಿತು.
ಅವನ ಕುರ್ಚಿಗೆ ಈಗ ಒಂದು ನಮೂನೆ ಬಂದಿದೆ, ಎಂಟು ಪುಟ.
ಹೋಲಿಸಬಲ್ಲ, ನಂಬಬಲ್ಲ, ಹೊತ್ತಿಗೆ ಸರಿಯಾದ ಅಂಕಿಗಳನ್ನು
ಸದಸ್ಯ ರಾಷ್ಟ್ರಗಳು ಒದಗಿಸತಕ್ಕದ್ದು.
ತಕ್ಕದ್ದು ಅನ್ನುವ ಪದಕ್ಕೆ ಎಂಥ ಇಸ್ತ್ರಿ ನೋಡಿ.

ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ:
ಸ್ವಂತ ಬಳಕೆಯ ವಸ್ತು ಸರಕಲ್ಲ.
ಇದನ್ನು ಓದದೆಯೂ ಬಲ್ಲಳು ಬುರುಲ್ಚಾಳ ತಂಗಿ ಝೂರಾಕಾನ್,
ನೆಲಮಾಳಿಗೆಯಲ್ಲಿ ಹೊಲಿಯುವವಳು.
ಗುರುವಾರ ಬೆಳಗ್ಗಿನ ವ್ಯಾನು,
ಚೌಕಳಿ ಚೀಲದಲ್ಲಿ ಎರಡು ಡಜನ್,
ಮೈಮೇಲೆ ಒಂದರ ಮೇಲೊಂದು ಮೂರು.
ಹೋಗುವಾಗ ದಪ್ಪ, ಬರುವಾಗ ತೆಳು.
ಅಲ್ಮಾಟಿಯ ಬಜಾರಿನಲ್ಲಿ
ಸಮೀಕ್ಷೆಯ ಹುಡುಗನೊಬ್ಬ ಅಂಗಡಿ ಅಂಗಡಿಗೆ ಹೋಗಿ
ತೂಗಿದ ಉಡುಪು ಎಣಿಸಿಕೊಳ್ಳುತ್ತಾನಂತೆ.
ಅಲ್ಲಿ ಅವಳಿದ್ದಾಳೆ.
ಇಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹೋದ ವಾರ ಝೂರಾಕಾನ್ ಕಚೇರಿಗೇ ಬಂದಳು,
ಬೂಟಿನ ಕೆಸರು ಬಾಗಿಲಲ್ಲೇ ಒರೆಸಿ.
"ಅಕ್ಕಾ, ಇನ್ನೊಂದು ಮಿಷನ್ನಿಗೆ ಸಾಲ ಕೇಳಿದ್ದೇನೆ.
ನಾನು ಮಾರುತ್ತೇನೆ ಅಂತ ಸರ್ಕಾರ ಹೇಳಬೇಕಂತೆ ಬ್ಯಾಂಕಿಗೆ.
ನಿನ್ನ ನಮೂನೆ ತುಂಬಿಕೊಡುತ್ತೇನೆ, ಎಂಟೂ ಪುಟ. ಒಂದು ಸೀಲು ಒತ್ತು."
ಬುರುಲ್ಚಾ ಕಾನೂನು ತೆಗೆದು ಓದಿದಳು, ತಂಗಿಗೆ, ಗಟ್ಟಿಯಾಗಿ:
ಎಣಿಕೆಗೆಂದು ಕೊಟ್ಟ ಮಾಹಿತಿ ಎಣಿಕೆಗೆ ಮಾತ್ರ.
ತೆರಿಗೆಯವನಿಗಿಲ್ಲ, ಪೊಲೀಸಿಗಿಲ್ಲ.
"ಒಳ್ಳೆಯದಾಯಿತು," ಅಂದಳು ಝೂರಾಕಾನ್.
ಬ್ಯಾಂಕಿಗೂ ಇಲ್ಲ.
ನಿನ್ನ ಮೇಲೆ ಸಾಕ್ಷಿ ಹೇಳದ ಪುಸ್ತಕ
ನಿನ್ನ ಪರವಾಗಿಯೂ ಹೇಳುವುದಿಲ್ಲ.
ತಂಗಿ ಸ್ವಲ್ಪ ಹೊತ್ತು ಹೀಟರಿನ ಮೇಲೆ ಕೈಯಿಟ್ಟು ನಿಂತಳು,
"ಇದೂ ತಣ್ಣಗಿದೆಯಲ್ಲೇ," ಅಂದು ಹೋದಳು.

ಇಂದು ಅಸ್ತಾನಾದಿಂದ ಎರ್ಕೆಗಾಲಿಯ ಫೋನು.
ಎಂಟು ವರ್ಷದಿಂದ ಮೂರು ತಿಂಗಳಿಗೊಮ್ಮೆ ಜಗಳ,
ಇಬ್ಬರದೂ ಅಲ್ಲದ ರಷ್ಯನ್ನಿನಲ್ಲಿ.
ಮುಖ ನೋಡಿಲ್ಲ.
"ವ್ಯತ್ಯಾಸಕ್ಕೆ ಕಾರಣ ಏನು ಬರೆಯೋಣ?"
"ವಿಧಾನಗಳ ಭಿನ್ನತೆ."
"ಹೋದ ಸಲವೂ ಅದೇ."
"ಹೋದ ಸಲವೂ ಭಿನ್ನವಾಗಿದ್ದವು."
ಅವನು ನಕ್ಕ. ಆಮೇಲೆ, ಕಡತ ಮುಚ್ಚಿದವರ ದನಿಯಲ್ಲಿ:
"ರಜೆಗೆ ಅಲ್ಮಾಟಿಗೆ ಹೋಗಿದ್ದೆ. ಹೆಂಡತಿಗೆ ಒಂದು ಉಡುಪು ತಂದೆ.
ನಿಮ್ಮ ಕಡೆಯದೇ ಹೊಲಿಗೆ. ಬಿಲ್ಲು ಕೇಳಿದರೆ ಆಕೆ ನನ್ನನ್ನೇ ದಿಟ್ಟಿಸಿದಳು.
ಕಾಲರಿನ ಒಳಮಡಿಕೆಯಲ್ಲಿ ಎರಡು ಸಲ ದಾರ ಓಡಿಸಿದ್ದಾರೆ ನೋಡಿ,
ಯಾರಿಗೂ ಕಾಣದ ಕಡೆ."

ಬುರುಲ್ಚಾಳ ಕೈ ತನ್ನ ಕೋಟಿನೊಳಗೆ ಹೋಯಿತು,
ಕಾಲರಿನ ಒಳಮಡಿಕೆಗೆ.
ಉಡುಗೊರೆ. ಅದೂ ಸರಕಲ್ಲ.
ಎಂಟು ಪುಟದಲ್ಲಿ ತೂಕಕ್ಕೆ ಜಾಗವಿದೆ, ಬೆಲೆಗಿದೆ,
ಮೂಲ ದೇಶಕ್ಕೆ ಎರಡು ಕಡೆ ಇದೆ.

"ಯಾವ ಬಣ್ಣ?" ಅಂತ ಕೇಳಿದಳು.